ಆಲ್ಡರ್‌ಶಾ ಕಾರಿನ ಕಂಚಿನ ಮುಚ್ಚಳ

ಭಾನುವಾರ, 12 ಆಗಸ್ಟ್ 2007. ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಬ್ಲ್ಯಾಕ್‌ಟೌನಿನ ನನ್ನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಬಿಸಿಲೇನೋ ಇದೆ. ಆದರೆ ಸಿಡ್ನಿಯ ಆಗಸ್ಟ್ ಬಿಸಿಲು ನೋಡುವುದಕ್ಕೆ ಮಾತ್ರ, ಮೈಗೆ ಹತ್ತುವುದಿಲ್ಲ. ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡಿದ್ದೇನೆ.

ಊಟದ ಹೊತ್ತಿಗೆ ನಡೆದದ್ದು ಇಷ್ಟೇ. ಐರಿನ್ ಆಂಟಿ ಕೋಳಿಸಾರಿನ ಪಾತ್ರೆ ಹಿಡಿದು ನಿಂತು, "ಇನ್ನು ಸ್ವಲ್ಪ ಹಾಕ್ಲಾ?" ಎಂದು ಕೇಳಿದರು. ವಲೇರಿಯನ್ ಅಂಕಲ್ ತಟ್ಟೆಯಿಂದ ತಲೆ ಎತ್ತದೆ ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಇಳಿಸಿದರು.

"ಅದೆಂತ? ಬೇಕಾ, ಬೇಡವಾ?"

ಮತ್ತೆ ಎಡಗೈ ಮೇಲೆ ಹೋಯಿತು.

"ನೋಡು ಮಾರಾಯ್ತಿ," ಎಂದು ಆಂಟಿ ನನ್ನ ಕಡೆ ತಿರುಗಿದರು. "ನಲವತ್ತು ವರ್ಷ ಆಯ್ತು. ನಾನೆಂತ ಇವರ ಹಿಂದಿನ ಸೀಟಲ್ಲಿ ಕೂತಿದ್ದೇನಾ?"

ಬೇರೆ ದಿನ ಆಗಿದ್ದರೆ ಅಂಕಲ್ ನಗುತ್ತಿದ್ದರು. ಇವತ್ತು ನಗಲಿಲ್ಲ. ಕೈ ತೊಳೆದು ಹಿತ್ತಲಿಗೆ ಹೋಗಿ, ನಲ್ಲಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾನು ಕೋಣೆಗೆ ಬಂದು ಡೈರಿ ತೆಗೆದೆ.

ಡೈರಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಿಂದ ನನಗೆ ಈ ಚಾಳಿ. ತಾರೀಕು, ವಾರ, ಹೊತ್ತು ಇಲ್ಲದೆ ಒಂದು ಸಾಲೂ ಬರೆಯಲಾರೆ. ಇಲ್ಲಿಗೆ ಬಂದ ಮೇಲೆ ಅದು ಇನ್ನೂ ಹೆಚ್ಚಾಯಿತು. ರೈಲು ತಡವಾಗಿದ್ದು, ಅಮ್ಮ ಫೋನಿನಲ್ಲಿ "ಮತ್ತೆ?" ಅಂದದ್ದು, ಆಫೀಸಿನ ಲಿಫ್ಟಿನಲ್ಲಿ ಯಾರಾದರೂ ನನ್ನ ಹೆಸರು ಸರಿಯಾಗಿ ಕರೆದದ್ದು, ಎಲ್ಲಕ್ಕೂ ಒಂದೊಂದು ಗೀಟು. ಕೊನೆಯ ಕಾಲಮ್ಮಿನಲ್ಲಿ ಗೀಟು ಕಡಿಮೆ. 

ಕೆಲಸವೂ ಅದೇ ಜಾತಿಯದು. ನಾರ್ವೆಸ್ಟಿನ ಒಂದು ಆಫೀಸಿನಲ್ಲಿ ಕಾರಿನ ಇನ್ಶೂರೆನ್ಸ್ ಕ್ಲೇಮು ನೋಡುತ್ತೇನೆ. ಎದುರಿಗೆ ಕೃತಕ ಕೆರೆ, ಅದರಲ್ಲಿ ಬಾತುಕೋಳಿ, ಒಳಗೆ ನಾನು. ಗುದ್ದಿಸಿಕೊಂಡ ಕಾರಿನ ಫೋಟೊ ಬರುತ್ತದೆ. ರಿಪೇರಿಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾದರೆ "ರೈಟ್ ಆಫ್", ಅಂದರೆ ಕಾರು ಗುಜರಿಗೆ, ಎಂದು ಒತ್ತಬೇಕು. ಹಾಗೆ ಒತ್ತುವಾಗ ಮೊದಮೊದಲು ಕಸಿವಿಸಿಯಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ಚಪ್ಪಲಿ ಬಿದ್ದಿರುವ ಫೋಟೊಗಳು ಬರುತ್ತವೆ. ಈಗ ಅಭ್ಯಾಸವಾಗಿದೆ. ಅಭ್ಯಾಸವಾದದ್ದೇ ಒಮ್ಮೊಮ್ಮೆ ಕಸಿವಿಸಿ ಮಾಡುತ್ತದೆ.

ವಲೇರಿಯನ್ ಅಂಕಲ್ ನನ್ನ ಮನೆ ಓನರ್. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ಗಂಡ ಹೆಂಡತಿ ತಮ್ಮೊಳಗೆ ಕೊಂಕಣಿ ಆಡಿ, ನಾನು ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತಾರೆ. ಅಂಕಲ್ ಇಲ್ಲಿ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದು ರಿಟೈರ್ ಆದವರು. ಅವರ ತಂದೆ ಜೋಕಿಂ ಮಂಗಳೂರಿನಲ್ಲಿ ಡ್ರೈವರ್. ಹಾಗಂದರೆ ಅಂಕಲಿಗೆ ಸಿಟ್ಟು ಬರುತ್ತದೆ. "ಡ್ರೈವರ್ ಅಲ್ಲ, ಶೋಫರ್. ಬಸ್ಸು ಓಡಿಸುವವ ಡ್ರೈವರ್. ಆಲ್ಡರ್‌ಶಾ ಓಡಿಸುವವ ಶೋಫರ್."

ಆ ಕಾರಿನಲ್ಲಿ ಯಜಮಾನ ಕೂರುವ ಕಡೆಗೂ ಶೋಫರ್ ಕೂರುವ ಕಡೆಗೂ ನಡುವೆ ಗಾಜಿನ ಗೋಡೆ. ಯಜಮಾನ ಮಾತಾಡಬೇಕಾದರೆ ಒಂದು ಕೊಳವೆ. ಈ ತುದಿಯಲ್ಲಿ ದಂತದ ಬಾಯಿ, ಆ ತುದಿ ಶೋಫರನ ಕಿವಿಯ ಹತ್ತಿರ. ಯಜಮಾನ ಊದಿದಂತೆ ಹೇಳುತ್ತಾನೆ: ಎಡಕ್ಕೆ ತಿರುಗಿಸು, ನಿಧಾನ, ಚರ್ಚಿನ ಹತ್ತಿರ ನಿಲ್ಲಿಸು. ಶೋಫರ್ ತಿರುಗಿ ನೋಡುವಂತಿಲ್ಲ, ಉತ್ತರ ಕೊಡುವಂತಿಲ್ಲ. ಕೇಳಿಸಿತು ಎನ್ನುವುದಕ್ಕೆ ಎಡಗೈ ಭುಜದ ಮಟ್ಟಕ್ಕೆ ಎತ್ತಬೇಕು, ಅಷ್ಟೇ. ಜೋಕಿಂ ಮನೆಗೆ ಬಂದ ಮೇಲೂ ಹಾಗೇ ಮಾಡುತ್ತಿದ್ದರಂತೆ. ಮಕ್ಕಳು ಅವರಿಂದ ಅದನ್ನು ಕಲಿತರು. ಒಂದು ಮನೆತನ ತಲತಲಾಂತರಕ್ಕೆ ಏನೇನೋ ಬಿಟ್ಟುಹೋಗುತ್ತದೆ, ಹೊಲ, ಒಡವೆ, ಮೂಗು. ಇವರಿಗೆ ಈ ಕೈ.

ಆಲ್ಡರ್‌ಶಾ ಕಂಪನಿಯ ಹೆಸರನ್ನು ಅಂಕಲ್ ಹೇಳುವ ಮೊದಲು ನಾನು ಕೇಳಿರಲಿಲ್ಲ. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಓದಿದೆ. ಇಂಗ್ಲೆಂಡಿನ ನಡುಭಾಗದ ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಮೊದಲು ಅಚ್ಚಿನ ಯಂತ್ರ ಮಾಡಿದರು, ಆಮೇಲೆ ಸೈಕಲ್ಲು, ಆಮೇಲೆ ಕಾರು. ಕುದುರೆಗಳು ಕಾರಿನ ಸದ್ದಿಗೆ ಬೆದರುತ್ತಿದ್ದ ಕಾಲ. ಇವರು ಕುದುರೆ ಬೆದರದ ಕಾರು ಮಾಡುತ್ತೇವೆ ಎಂದು ಜಾಹೀರಾತು ಕೊಟ್ಟರು. ಸದ್ದಿಲ್ಲದ ಎಂಜಿನ್ನು ಶ್ರೀಮಂತರಿಗೆ ಹಿಡಿಸಿತು. ಡ್ಯೂಕುಗಳು ಕೊಂಡರು, ನಮ್ಮ ಕಡೆಯ ರಾಜರು ಕೊಂಡರು. ಯುದ್ಧ ಬಂದಾಗ ಆಂಬುಲೆನ್ಸು ಮಾಡಿದರು. ಯುದ್ಧ ಮುಗಿದ ಮೇಲೆ ಡ್ಯೂಕುಗಳೇ ಕಡಿಮೆಯಾದರು. ಸಣ್ಣ ಕಾರು ಮಾಡಿ ಎಂದು ಎಂಜಿನಿಯರುಗಳು ಬೇಡಿಕೊಂಡರೆ, ನಮ್ಮ ಹೆಸರು ಸಣ್ಣ ಕಾರಿನ ಮೇಲೆ ಬರಕೂಡದು ಎಂದು ಅಣ್ಣ ಹಟ ಹಿಡಿದ. ಕೊನೆಗೆ ಒಬ್ಬ ಪ್ರತಿಸ್ಪರ್ಧಿ ಇಡೀ ಕಂಪನಿಯನ್ನು ಕೊಂಡು, ತನ್ನ ಸಾಧಾರಣ ಕಾರಿಗೆ ಆಲ್ಡರ್‌ಶಾ ಬಿಲ್ಲೆ ಅಂಟಿಸಿ ನಾಲ್ಕು ದಿನ ಮಾರಿದ. ಆಮೇಲೆ ಬಿಲ್ಲೆಯನ್ನೂ ಬಿಟ್ಟ. ಪುಸ್ತಕದ ಕೊನೆಯ ಫೋಟೊದಲ್ಲಿ ಕಾರ್ಖಾನೆ ಇದ್ದ ಜಾಗವಿದೆ. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್. ಸಾಲಾಗಿ ಸಣ್ಣ ಕಾರುಗಳು ನಿಂತಿವೆ.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಆಲ್ಡರ್‌ಶಾದವರು ಇಡೀ ಕಾರು ಮಾರುತ್ತಲೇ ಇರಲಿಲ್ಲ. ಚಾಸಿ, ಎಂಜಿನ್, ಚಕ್ರ, ಅಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮೇಲಿನ ಮೈಯನ್ನು ಕೊಂಡವರು ತಮಗೆ ಬೇಕಾದಲ್ಲಿ ಕಟ್ಟಿಸಿಕೊಳ್ಳಬೇಕು. ಇದನ್ನು ಓದಿದಾಗ ನನಗೆ ಚಿತ್ರದುರ್ಗದ ಹೈವೇ ಕಣ್ಣಿಗೆ ಬಂತು. ನಮ್ಮ ಸ್ಕೂಲಿನ ಕಾಂಪೌಂಡಿನ ಮೇಲೆ ಕೂತರೆ ಇಡೀ ದೇಶದ ಲಾರಿಗಳು ಕಾಣುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಐದಾರು ಬೋಳು ಲಾರಿಗಳು ಸಾಲಾಗಿ ಬರುತ್ತಿದ್ದವು. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಗಾಜಿಲ್ಲ. ಡ್ರೈವರು ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ತಲೆಗೆ ಮಫ್ಲರ್ ಸುತ್ತಿ, ಕಪ್ಪು ಕನ್ನಡಕ ಹಾಕಿ, ಧೂಳಿಗೆ ಎದೆ ಕೊಟ್ಟು ಓಡಿಸುತ್ತಿದ್ದ. ಬಾಡಿ ಕಟ್ಟಿಸಲು ಹೊರಟ ಹೊಸ ಲಾರಿಗಳು ಅವು. ನನ್ನ ಪಾಲಿಗೆ ಅವು ಬಟ್ಟೆ ಕಳಚಿಕೊಂಡ ಲಾರಿಗಳು. ನಾಚಿಕೆಯಾಗಿ ನೋಡುತ್ತಿರಲಿಲ್ಲ. ನೋಡದೆ ಎಣಿಸುವುದು ಹೇಗೆ ಎಂಬ ಕಷ್ಟವಿತ್ತು. ಬೆರಳ ಸಂದಿಯಿಂದ ನೋಡಿ ಎಣಿಸುತ್ತಿದ್ದೆ.

ಜೋಕಿಂ ಓಡಿಸಿದ ಕಾರಿನ ಮೈ ಮದ್ರಾಸಿನಲ್ಲಿ ಕಟ್ಟಿದ್ದು. ಮೊದಲು ಕಾಫಿ ಕ್ಯೂರಿಂಗ್ ವರ್ಕ್ಸಿನ ಇಂಗ್ಲಿಷ್ ಮ್ಯಾನೇಜರನದು, ಆಮೇಲೆ ಹೆಂಚಿನ ಕಾರ್ಖಾನೆಯ ಧಣಿಯದು. ಕಾರಿನ ಜೊತೆ ಜೋಕಿಂ ಕೂಡ ಕೈ ಬದಲಾಯಿಸಿದರು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಒಂದು ದಿನ ಚಾರ್ಮಾಡಿ ಘಾಟಿಯಲ್ಲಿ ನೀರಿನ ಪಂಪಿನ ಮುಚ್ಚಳ ಸೀಳಿ, ಬಿಸಿನೀರು ಹಾರಿ, ಕಾರು ನಿಂತಿತು. ಹೊಸದು ತರಿಸೋಣ ಎಂದರೆ ಇಂಗ್ಲೆಂಡಿನಲ್ಲಿ ಕಂಪನಿಯೇ ಇಲ್ಲ. ಮಾರಿಬಿಡುತ್ತೇನೆ ಎಂದು ಧಣಿ ಹೊರಟ. ಕಾರು ಹೋದರೆ ಶೋಫರನೂ ಹೋದಂತೆ. ಆಗ ಜೋಕಿಂ ಹೆಂಚಿನ ಕಾರ್ಖಾನೆಯ ಎರಕದ ಮನೆಗೆ ಹೋಗಿ, ಯಂತ್ರದ ಬಿಡಿಭಾಗ ಎರೆಯುತ್ತಿದ್ದ ಜಾಗದಲ್ಲಿ, ತಮ್ಮ ಕೈಯಾರೆ ಮರದ ಮಾದರಿ ಕೆತ್ತಿ, ಅದನ್ನು ಮರಳಿನಲ್ಲಿ ಒತ್ತಿ, ಕಂಚು ಕರಗಿಸಿ, ಹೊಸ ಮುಚ್ಚಳ ಎರೆದರು. ಅಂಗೈಯಗಲದ್ದು, ಮೇಲೊಂದು ಸಣ್ಣ ಕಿವಿ. ಕಾರು ಮತ್ತೆ ಓಡಿತು. ಇದು ಅಂಕಲ್ ಹೇಳುವ ಕಥೆ. ನಾನು ಈ ಮನೆಗೆ ಬಂದ ಮೊದಲ ವಾರವೇ ಕೇಳಿದ್ದೆ. ಆಮೇಲೆ ಕೇಳಿದ್ದಕ್ಕೆಲ್ಲ ಗೀಟು ಹಾಕಿಲ್ಲ.

ಅರವತ್ತರ ದಶಕದಲ್ಲಿ ಹಳೆಯ ಕಾರುಗಳನ್ನು ಹುಡುಕಿಕೊಂಡು ವಿದೇಶದವರು ಊರೂರು ಅಲೆಯುತ್ತಿದ್ದರಂತೆ. ಧಣಿಯ ಮಗ ಆಲ್ಡರ್‌ಶಾವನ್ನು ಅವರಲ್ಲೊಬ್ಬನಿಗೆ ಕೊಟ್ಟ. ಜೋಕಿಂ ಅದನ್ನು ಬಂದರಿನ ತನಕ ಓಡಿಸಿ, ಬೀಗದಕೈ ಕೊಟ್ಟು, ನಡೆದು ಮನೆಗೆ ಬಂದರು. ಆಮೇಲೆ ಒಂದು ಗೋದಾಮಿನ ಗೇಟು ಕಾದರು. ಮತ್ತೆ ಯಾವ ಸ್ಟಿಯರಿಂಗೂ ಮುಟ್ಟಲಿಲ್ಲ.

ಈ ವರ್ಷ ಮಾರ್ಚ್ 17, ಶನಿವಾರ, ಅಂಕಲ್ ಕಟಿಂಗಿಗೆ ಹೋದವರು ಅರ್ಧ ತಲೆ ಕತ್ತರಿಸಿಕೊಂಡು ಓಡಿ ಬಂದರು. ಅಂಗಿಯೊಳಗಿಂದ ಒಂದು ಹಳೆಯ ಮ್ಯಾಗಜೀನ್ ತೆಗೆದರು.

"ಕದ್ದದ್ದಾ?" ಆಂಟಿ ಕೇಳಿದರು.

"ಕದ್ದದ್ದಲ್ಲ, ತಂದದ್ದು. ನೋಡು, ಇದು ಪಪ್ಪನ ಗಾಡಿ!"

ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ಗ್ರೇಮ್ ಎಂಬುವರೊಬ್ಬರು ಒಂದು ಆಲ್ಡರ್‌ಶಾವನ್ನು ರಿಪೇರಿ ಮಾಡುತ್ತಿರುವ ಕಥೆ ಅದರಲ್ಲಿತ್ತು. ಇಂಡಿಯಾದಿಂದ ಬಂದದ್ದು, ಬಹಳ ವರ್ಷ ಒಂದು ಕುರಿ ಫಾರ್ಮಿನ ಶೆಡ್ಡಿನಲ್ಲಿ ಹುಲ್ಲಿನ ಕೆಳಗೆ ಬಿದ್ದಿತ್ತು. ಎಂಜಿನ್ನಿನ ಫೋಟೊದ ಕೆಳಗೆ, ಬಿಸಿಲುನಾಡುಗಳಿಗೆಂದು ಕಂಪನಿ ಮಾಡಿದ ಕಲೋನಿಯಲ್ ಮಾಡೆಲ್ಲಿನ ಅಪರೂಪದ ಕಂಚಿನ ಪಂಪು ಎಂದು ಬರೆದಿತ್ತು. ಅಂಗೈಯಗಲದ ಮುಚ್ಚಳ. ಮೇಲೊಂದು ಸಣ್ಣ ಕಿವಿ.

ಅಂಕಲ್ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದರು. "ಓಡ್ತಾ ಉಂಟು ಅಂತೆ. ಗೊತ್ತುಂಟಾ ನಿನಗೆ? ಪಪ್ಪ ಸತ್ತು ಮೂವತ್ತು ವರ್ಷ ಆಯ್ತು. ಅವರ ಕೈಯಲ್ಲಿ ಮಾಡಿದ್ದು ಇವತ್ತಿಗೂ ನೀರು ತಿರುಗಿಸ್ತಾ ಉಂಟು. ಆ ಗಾಡಿ ಓಡುವಷ್ಟು ದಿನ ಪಪ್ಪ ಇದ್ದ ಹಾಗೆ."

ಮರುದಿನ ಅವರು ಚರ್ಚಿನ ಪೂಜೆ ಮುಗಿಸಿಕೊಂಡು ಬಂದ ಮೇಲೆ ಫೋನ್ ಮಾಡಿದೆವು. ನಂಬರ್ ನಾನು ಒತ್ತಿದೆ, ಸ್ಪೀಕರ್ ಹಾಕಿದೆ. ಗ್ರೇಮ್ ಒಳ್ಳೆಯ ಮನುಷ್ಯ. ಕಾರಿನ ಇತಿಹಾಸ ಬಲ್ಲವರು ಸಿಕ್ಕರೆಂದು ಕುಣಿದುಬಿಟ್ಟ. ಮದ್ರಾಸಿನ ಬಾಡಿ, ಕ್ಯೂರಿಂಗ್ ವರ್ಕ್ಸ್, ಧಣಿ, ಎಲ್ಲವನ್ನೂ ಬರೆದುಕೊಂಡ. ಆಮೇಲೆ ಅಂಕಲ್ ಎದೆಯುಬ್ಬಿಸಿ ಹೇಳಿದರು: "ಮತ್ತೆ ಆ ಕಂಚಿನ ಮುಚ್ಚಳ ಉಂಟಲ್ಲ, ಅದು ಕಂಪನಿದ್ದಲ್ಲ. ನನ್ನ ತಂದೆ ಮಾಡಿದ್ದು."

ಗ್ರೇಮ್ ಬಿಡಿಸಿ ಕೇಳಿದ.

"ಕಂಪನಿಯದಲ್ಲವಾ? ಖಂಡಿತವಾ?"

"ಹಂಡ್ರೆಡ್ ಪರ್ಸೆಂಟ್! ಮಂಗಳೂರಿನಲ್ಲಿ ಎರೆದದ್ದು!"

ಗ್ರೇಮ್ ಬಹಳ ಥ್ಯಾಂಕ್ಸ್ ಹೇಳಿದ. ಅವನ ದನಿ ಇಳಿದದ್ದು ನನಗೆ ಗೊತ್ತಾಯಿತು. ಅಂಕಲಿಗೆ ಗೊತ್ತಾಗಲಿಲ್ಲ. ಅವತ್ತು ಸಂಜೆ ಅವರು ಬೀದಿಯ ಕೊನೆಯ ಪಂಜಾಬಿ ಅಂಗಡಿಯವನಿಗೂ ಕಥೆ ಹೇಳಿ ಬಂದರು, ಹಿಂದಿಯಲ್ಲಿ.

ಮೇ ತಿಂಗಳಲ್ಲಿ ಗ್ರೇಮ್‌ನ ಇಮೇಲ್ ಬಂತು. ಅವರ ಕ್ಲಬ್ಬಿನ ಸ್ಪರ್ಧೆಯಲ್ಲಿ ಪ್ರತಿಯೊಂದು ಭಾಗವೂ ಕಾರ್ಖಾನೆಯಿಂದ ಬಂದದ್ದೇ ಆಗಿರಬೇಕಂತೆ. ಬೇರೆಯದಿದ್ದರೆ ಅಂಕ ಹೋಗುತ್ತದೆ. ಅಪರೂಪದ ಕಂಚಿನ ಪಂಪು ಎಂದು ಊರೆಲ್ಲ ಹೇಳಿಕೊಂಡು ನಾನು ನಗೆಗೀಡಾಗುವುದನ್ನು ನೀವು ತಪ್ಪಿಸಿದಿರಿ, ಇಂಗ್ಲೆಂಡಿನಲ್ಲಿ ಬಿಚ್ಚಿಹಾಕಿದ ಒಂದು ಹಳೆಯ ಆಲ್ಡರ್‌ಶಾದಿಂದ ಅಸಲಿ ಮುಚ್ಚಳ ತರಿಸಿ ಹಾಕಿದ್ದೇನೆ, ನಿಮಗೆ ಋಣಿ, ಎಂದು ಬರೆದಿದ್ದ.

ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಂಕಲ್ ಎರಡು ಸಲ ಓದಿಸಿದರು. ಐರಿನ್ ಆಂಟಿಗೆ ತಡೆಯಲಿಲ್ಲ. "ಬಾಯಿ ಮುಚ್ಚಿ ಕೂತಿದ್ದರೆ ನಿಮ್ಮ ಪಪ್ಪ ಅಲ್ಲೇ ಇರ್ತಿದ್ದರು. ಹೇಳುವ ಚಪಲ!"

ಇಷ್ಟು ಕ್ರೂರವಾದ ನಿಜವನ್ನು ಯಾರೂ ಊಟದ ಮೇಜಿನ ಮೇಲೆ ಹೇಳಬಾರದು. ಅಂಕಲ್ ಎಡಗೈ ಎತ್ತಿ ಇಳಿಸಿದರು.

ಆದ್ದರಿಂದ ನಾವು ಮೆಲ್ಬರ್ನಿಗೆ ಹೋದೆವು. ಜುಲೈ 7, ಶನಿವಾರ. ಮುಚ್ಚಳವನ್ನು ವಾಪಸ್ ಎಂಜಿನ್ನಿಗೆ ಹಾಕು ಎಂದು ಕೇಳುವುದು, ಅಷ್ಟಕ್ಕೇ. ಅಂಕಲಿಗೆ ಒಬ್ಬರೇ ಹೋಗಲು ಧೈರ್ಯವಿಲ್ಲ, ಆಂಟಿಗೆ ಮೊಣಕಾಲು ನೋವು, ನನಗೆ ಶನಿವಾರ ಬೇರೆ ಕೆಲಸವಿಲ್ಲ. ಅಂಕಲ್ ಚರ್ಚಿಗೆ ಹಾಕುವ ಕೋಟು ಹಾಕಿದ್ದರು, ಕೈಯಲ್ಲಿ ಗ್ರೇಮ್‌ಗೆಂದು ಗೋಡಂಬಿಯ ಪೊಟ್ಟಣ. ಡ್ಯಾಂಡಿನಾಂಗ್ ರೈಲಿನಲ್ಲಿ ಕೂತು ಅವರು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುತ್ತಿದ್ದರು. ತುಟಿ ಅಲುಗುತ್ತಿತ್ತು. ಕಿಟಕಿಯ ಹೊರಗೆ ಒಂದೇ ಬಣ್ಣದ ಆಕಾಶ, ಒಂದೇ ಬಣ್ಣದ ಗೋದಾಮುಗಳು, ಅವುಗಳ ಗೋಡೆಗಳ ಮೇಲೆ ಬಾಡಿಗೆಗೆ ಇದೆ ಎಂಬ ಬೋರ್ಡುಗಳು.

ಸ್ಟೇಷನ್ನಿಗೆ ಗ್ರೇಮ್ ಬಂದಿದ್ದ. ಎತ್ತರದ ಮುದುಕ, ಕೆಂಪು ಮೂಗು, ಉಣ್ಣೆಯ ಟೋಪಿ. "ವ್ಯಾಲ್! ಕೊನೆಗೂ!" ಎಂದು ಅಂಕಲ್ ಕೈ ಕುಲುಕಿದ. ವಲೇರಿಯನ್ ಎಂದು ಹೇಳಲು ಯಾರಿಗೂ ಪುರುಸೊತ್ತಿಲ್ಲ.

ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು. ಬಾಗಿಲು ಸರಿಸಿ ದೀಪ ಹಾಕಿದಾಗ ಕಾರು ಕಂಡಿತು. ಕಡುಹಸಿರು, ಕಪ್ಪು, ಮೂಗಿನ ಮೇಲೆ ಬೆಳ್ಳಿಯಂಥ ಬಿಲ್ಲೆ. ಚಕ್ರದ ನಡುವೆ ಆಲ್ಡರ್‌ಶಾ, ಬಾಗಿಲ ಹೊಸ್ತಿಲಿನಲ್ಲಿ ಆಲ್ಡರ್‌ಶಾ, ಗಡಿಯಾರದ ಮುಖದಲ್ಲಿ ಆಲ್ಡರ್‌ಶಾ. ಸತ್ತು ಇಷ್ಟು ಕಾಲವಾದ ಕಂಪನಿ ಎಲ್ಲ ಕಡೆಯಿಂದ ನಮ್ಮನ್ನು ನೋಡುತ್ತಿತ್ತು.

ಅಂಕಲ್ ಅದರ ಸುತ್ತ ಒಂದು ಸುತ್ತು ಬಂದರು. ಮುಟ್ಟಲಿಲ್ಲ.

"ಹತ್ತಿ ಕೂತ್ಕೋ ವ್ಯಾಲ್. ಎಲ್ಲಿ ಬೇಕಾದರೂ."

ಅವರು ಶೋಫರನ ಸೀಟಿನಲ್ಲಿ ಕೂತರು. ಗ್ರೇಮ್‌ಗೆ ಹುಡುಗಾಟ ಹೊಳೆಯಿತು. ಹಿಂದಿನ ಬಾಗಿಲು ತೆರೆದು ಯಜಮಾನನ ಸೀಟಿನಲ್ಲಿ ಕೂತು, ಕೊಳವೆಯ ಬಾಯಿಗೆ ತುಟಿಯಿಟ್ಟು, ಡ್ಯೂಕನ ದನಿಯಲ್ಲಿ ಹೇಳಿದ: "ಡ್ರೈವರ್, ಕ್ಲಬ್ಬಿಗೆ ನಡಿ."

ಅಂಕಲ್‌ನ ಎಡಗೈ ಭುಜದ ಮಟ್ಟಕ್ಕೆ ಎದ್ದಿತು. ಅವರು ಎತ್ತಿದ್ದಲ್ಲ, ಅದೇ ಎದ್ದದ್ದು. ಗ್ರೇಮ್ ಗಹಗಹಿಸಿ ನಕ್ಕ. ಅವನಿಗೆ ಗೊತ್ತಿರಲಿಲ್ಲ, ಅವನನ್ನು ದೂರುವುದಕ್ಕೆ ಆಗುವುದಿಲ್ಲ. ನಾನು ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ನೋಡುತ್ತ ನಿಂತೆ.

ಕೆಳಗಿಳಿದ ಮೇಲೆ ಅಂಕಲ್ ರೈಲಿನಲ್ಲಿ ಕಟ್ಟಿಕೊಂಡಿದ್ದ ವಾಕ್ಯ ಹೇಳಿದರು. ಸ್ಪರ್ಧೆ ಮುಗಿದ ಮೇಲಾದರೂ ನನ್ನ ತಂದೆಯ ಮುಚ್ಚಳ ವಾಪಸ್ ಹಾಕುತ್ತೀರಾ?

ಗ್ರೇಮ್ ಟೋಪಿ ತೆಗೆದು ತಲೆ ಕೆರೆದ. "ಸ್ಪರ್ಧೆ ಪ್ರತಿ ವರ್ಷ ಇರತ್ತೆ, ವ್ಯಾಲ್." ಮೇಜಿನ ಖಾನೆಯಿಂದ ಒಂದು ಬಟ್ಟೆಯ ಗಂಟು ತೆಗೆದ. "ನಿನ್ನನ್ನು ಒಂದು ಕೇಳಬೇಕಿತ್ತು. ಬಿಚ್ಚಿ ತೊಳೆದಾಗ ಒಳಗಡೆ ಇದು ಕಾಣಿಸ್ತು. ನಾನು ಗೀಚು ಅಂದ್ಕೊಂಡಿದ್ದೆ. ನನ್ನ ಹೆಂಡತಿ ಹೇಳಿದಳು, ಇದು ಬರಹ ಅಂತ."

ಮುಚ್ಚಳದ ಒಳಮೈ, ಅಷ್ಟು ವರ್ಷ ನೀರಿನ ಕಡೆ ಮುಖ ಮಾಡಿದ್ದ ಮೈ, ಈಗ ಹಳದಿಯಾಗಿ ಹೊಳೆಯುತ್ತಿತ್ತು. ಅದರ ಮೇಲೆ ಉಬ್ಬಿದ ಅಕ್ಷರಗಳು.

"ನಿನ್ನಪ್ಪನ ಸಹಿನಾ ಇದು?" ಗ್ರೇಮ್ ಕೇಳಿದ. "ಹೌದು ಅನ್ನು, ಜಡ್ಜುಗಳು ಹಾಳಾಗಿ ಹೋಗಲಿ, ಇವತ್ತೇ ವಾಪಸ್ ಹಾಕ್ತೀನಿ. ಪಕ್ಕದಲ್ಲಿ ಒಂದು ಕಾರ್ಡೂ ಇಡ್ತೀನಿ, ಮಾಡಿದವನ ಮಗ ಬಂದು ಗುರುತಿಸಿದ ಅಂತ."

ಅಂಕಲ್ ಕನ್ನಡಕ ಹಾಕಿಕೊಂಡರು. ಓದಿದರು. ನನ್ನ ಕೈಗೆ ಕೊಟ್ಟರು. ಕನ್ನಡ ಅಕ್ಷರ. ಸ್ವಲ್ಪ ಓರೆ, ಆದರೆ ಸ್ಪಷ್ಟ.

ಕೊಗ್ಗ.

ಆ ಶೆಡ್ಡಿನಲ್ಲಿ, ಬಹುಶಃ ಆ ಇಡೀ ಓಣಿಯಲ್ಲಿ, ಅದನ್ನು ಓದಬಲ್ಲವರು ನಾವಿಬ್ಬರೇ. ನಾನು ಮುಖ ತಗ್ಗಿಸಿದೆ. ಅವರು ಏನು ಹೇಳಿದರೂ ನಾನು ಹೂಂ ಅನ್ನುವವಳಿದ್ದೆ. ಹೌದು ಅನ್ನಿ ಅಂಕಲ್, ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಅವರು ಹೌದು ಅನ್ನುತ್ತಾರೆಂದೇ ಅಂದುಕೊಂಡಿದ್ದೆ.

"ನೋ," ಎಂದರು ಅಂಕಲ್. "ಇದು ಬೇರೆಯವರ ಹೆಸರು."

"ಯಾರು?"

"ನನಗೆ ಗೊತ್ತಿಲ್ಲ."

ಗ್ರೇಮ್ ನಮ್ಮಿಬ್ಬರ ಮುಖವನ್ನೂ ನೋಡಿದ. ಎದುರಿಗೆ ಮಗ ನಿಂತಿರುವ ತಂದೆಯ ಕಥೆಗಾದರೆ ಅಂಕ ಕಳೆದುಕೊಳ್ಳಬಹುದು, ಯಾರೆಂದೇ ಗೊತ್ತಿಲ್ಲದವನ ಹೆಸರಿಗೆ ಹೇಗೆ? ಅವನು ಕಾರ್ಡಿನ ಮಾತು ಮತ್ತೆ ಎತ್ತಲಿಲ್ಲ. ಬಟ್ಟೆ ಸುತ್ತಿ ಮುಚ್ಚಳವನ್ನು ಅಂಕಲ್ ಕೈಗಿಟ್ಟ. "ಇದು ನಿನ್ನ ಹತ್ತಿರ ಇರಲಿ, ಮೇಟ್." ಆಮೇಲೆ ನಮಗೆ ಟೀ ಕೊಟ್ಟ. ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದ. ಪುಸ್ತಕದಲ್ಲಿ ಬರೆದದ್ದು ನಿಜ. ಸದ್ದೇ ಇಲ್ಲ. ಕುದುರೆ ಇದ್ದಿದ್ದರೆ ಬೆದರುತ್ತಿರಲಿಲ್ಲ.

ವಾಪಸ್ ರೈಲು ಹತ್ತಿದೆವು. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಮಾರ್ಕೆಟ್ಟಿನಿಂದ ತಂದ ಸೊಪ್ಪಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಕೊನೆಗೆ ನಾನೇ ಕೇಳಿದೆ.

"ಹೌದು ಅಂದಿದ್ರೆ ಏನಾಗ್ತಿತ್ತು ಅಂಕಲ್? ಅವರಿಗೆ ಓದೋಕೆ ಬರಲ್ವಲ್ಲ."

ಅಂಕಲ್ ಕಿಟಕಿಯ ಕಡೆ ನೋಡುತ್ತ ಹೇಳಿದರು: "ಪಪ್ಪ ಯಾವತ್ತೂ ನಾನು ಮಾಡಿದೆ ಅಂತ ಹೇಳಿದ್ದು ನನಗೆ ನೆನಪಿಲ್ಲ. ಮಾತೇ ಕಮ್ಮಿ ಅವರದ್ದು. ಹೇಳಿದ್ದು ಮಮ್ಮಿ. ಪಪ್ಪ ಸತ್ತ ಮೇಲೆ ಪ್ರತಿ ವರ್ಷ ಹೇಳ್ತಿದ್ದರು. ಜೀವಮಾನ ಇಡೀ ಗಂಡ ಯಾರಿಗೋ ಬೆನ್ನು ತೋರಿಸಿ ಕೂತದ್ದು. ಮಕ್ಕಳಿಗೆ ಹೇಳ್ಲಿಕ್ಕೆ ಅವರಿಗೂ ಏನಾದರೂ ಒಂದು ಬೇಕಲ್ಲ."

"ಸುಳ್ಳು ಅಂತೀರಾ?"

"ಸುಳ್ಳು ಅಲ್ಲ. ಪಪ್ಪ ಎರಕದ ಮನೆಗೆ ಹೋದದ್ದು ನಿಜ ಇರಬೇಕು. ಹೋಗಿ ಕೇಳಿದ್ದು ನಿಜ. ಮಾಡಿದವ ಬೇರೆ. ಅವನ ಹೆಸರು ಇಷ್ಟು ವರ್ಷ ನೀರೊಳಗೆ ಇತ್ತು. ಹೊರಗೆ ಬಂದದ್ದು ಇವತ್ತು. ಬಂದ ಕೂಡಲೇ ನಾನು ಅದರ ಮೇಲೆ ಪಪ್ಪನನ್ನು ಕೂರಿಸುದಾ?"

ನಾನು ಇಬ್ಬರ ಟಿಕೆಟ್ಟನ್ನೂ ಡೈರಿಯೊಳಗೆ ಇಟ್ಟೆ. ಅವತ್ತಿನ ಪುಟದಲ್ಲಿ ಬೇರೇನೂ ಇಲ್ಲ.

ಎರಕದ ಕೆಲಸ ಬಲ್ಲ ಒಬ್ಬರನ್ನು ಆಮೇಲೆ ಆಫೀಸಿನ ಮೂಲಕ ಹಿಡಿದು ಫೋನಿನಲ್ಲಿ ಕೇಳಿದೆ. ಮರಳಿನ ಅಚ್ಚಿನಲ್ಲಿ ಹೆಸರು ಬರೆದರೆ ಎರಕದಲ್ಲಿ ಅದು ಉಲ್ಟಾ ಮೂಡುತ್ತದಂತೆ. ನೇರ ಮೂಡಬೇಕಾದರೆ ಒದ್ದೆ ಮರಳಿನಲ್ಲಿ ಕನ್ನಡಿಯ ಅಕ್ಷರ ಬರೆಯಬೇಕು, ಬಲದಿಂದ ಎಡಕ್ಕೆ. ಅದನ್ನು ಯಾರೂ ಮೊದಲ ಸಲಕ್ಕೆ ಮಾಡಲಾರರು. ಕೊಗ್ಗ ಅದನ್ನು ಮೊದಲೂ ಮಾಡಿದ್ದಿರಬೇಕು, ಯಾವ ಯಾವ ಯಂತ್ರದ ಒಳಮೈಯಲ್ಲೋ. ಇದನ್ನು ಹೇಳಿದಾಗ ಅಂಕಲ್ ಮುಖ ಇನ್ನಷ್ಟು ಕಪ್ಪಿಟ್ಟಿತು. "ಅಷ್ಟು ಯಂತ್ರದಲ್ಲಿ ಹೆಸರು ಬರೆದ, ಯಾರೂ ಒಂದನ್ನೂ ಓದ್ಲಿಲ್ಲ" ಎಂದರು. ಊರಿಗೆ ಫೋನ್ ಮಾಡಿಸಿದೆವು. ಹೆಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಧಣಿಯ ಮೊಮ್ಮಗನಿಗೆ ಕಾರಿನ ನೆನಪಿದೆ, ಶೋಫರನ ನೆನಪು ಸ್ವಲ್ಪ ಇದೆ, ಎರಕದ ಮನೆಯಲ್ಲಿ ಯಾರಿದ್ದರೋ ಗೊತ್ತಿಲ್ಲ.

ಮೊನ್ನೆ ಆಂಟಿ ಹುಣಸೆಹುಳಿ ಹಚ್ಚಿ ಮುಚ್ಚಳ ಉಜ್ಜಲು ಹೊರಟರು. ಅಂಕಲ್ ಕಸಿದುಕೊಂಡರು. "ಬೇಡ. ಯಾರದ್ದೋ ಸಾಮಾನು." ಆಮೇಲೆ ನನ್ನನ್ನು ಕರೆದು, "ನೀನು ಏನೇನೋ ಬರಿತಿಯಲ್ಲ, ಇದನ್ನು ಊರಿನ ಪೇಪರಿಗೆ ಬರಿ. ಪಪ್ಪನ ಹೆಸರು ಹಾಕುದಾದ್ರೆ ಹಾಕು, ಬಿಡುದಾದ್ರೆ ಬಿಡು" ಎಂದರು. ಡೈರಿ ನೋಡಿಕೊಂಡು ಇದನ್ನು ಬರೆದಿದ್ದೇನೆ, ಹೆಸರೂ ಹಾಕಿದ್ದೇನೆ. ಜೋಕಿಂ ಹೋಗಿ ಕೇಳದಿದ್ದರೆ ಕೊಗ್ಗ ಅದನ್ನು ಎರೆಯುತ್ತಿರಲಿಲ್ಲ.

ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರ ಎರಕದ ಮನೆಯಲ್ಲಿ, ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಕೊಗ್ಗ ಎಂಬುವರು ಕೆಲಸ ಮಾಡುತ್ತಿದ್ದರು. ಆ ಹೆಸರಿನವರು ಆ ಸೀಮೆಯಲ್ಲಿ ನೂರಾರು ಜನ ಇದ್ದಾರೆಂದು ಅಂಕಲಿಗೂ ಗೊತ್ತು, ನನಗೂ ಗೊತ್ತು. ಊರು ಗೊತ್ತಿಲ್ಲ, ಮನೆತನ ಗೊತ್ತಿಲ್ಲ, ಮಕ್ಕಳಿದ್ದರೋ ಇಲ್ಲವೋ ತಿಳಿಯದು. ಆದರೆ ನಿಮ್ಮ ಮನೆಯಲ್ಲಿ ಅಂಥ ಒಬ್ಬ ಅಜ್ಜ ಇದ್ದು, ಮಳೆಯಲ್ಲಿ ನೆಂದ ಅಂಗಳದಲ್ಲೋ ಒಲೆಯ ಬೂದಿಯಲ್ಲೋ ತನ್ನ ಹೆಸರನ್ನು ಬಲದಿಂದ ಎಡಕ್ಕೆ ಬರೆದು ಮಕ್ಕಳನ್ನು ನಗಿಸಿದ್ದು ಯಾರಿಗಾದರೂ ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಅವರ ಒಂದು ವಸ್ತು ನಮ್ಮ ಹತ್ತಿರ ಉಳಿದಿದೆ.